ಬೆಳಕಿನ ಆಯುಧಕ್ಕೂ ಎತ್ತು ಬೇಕು

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಮುಧೋಳ, ಜಮಖಂಡಿ, ಬೀಳಗಿ ಕಡೆಯ ರಸ್ತೆಗಳಲ್ಲಿ ಸಕ್ಕರೆ ಕಾರ್ಖಾನೆಗಳತ್ತ ಹೊರಟ ಕಬ್ಬಿನ ಗಾಡಿಗಳ ಸಾಲು ಕಾಣುತ್ತದೆ. ಈಗ ಟ್ರ್ಯಾಕ್ಟರುಗಳೇ ಹೆಚ್ಚು. ಆದರೂ ಚಕ್ಕಡಿ ಪೂರ್ತಿ ಮರೆಯಾಗಿಲ್ಲ. ಚಕ್ಕಡಿ ಹೂಡುವ ರೈತನಿಗೆ ಒಂದು ಲೆಕ್ಕ ಬಾಯಿಪಾಠ. ಗಾಡಿಗೆ ಎಷ್ಟು ಕಬ್ಬು ಹೇರಬೇಕೆಂಬುದನ್ನು ಹೊಲದ ಬೆಳೆ ಹೇಳುವುದಿಲ್ಲ, ಎತ್ತಿನ ಹೆಗಲು ಹೇಳುತ್ತದೆ.

ಯುದ್ಧದ ಆಯುಧಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಆಯುಧದ ಬಾಯಿಂದ ಹೊರಡುವ ಬೆಂಕಿಯನ್ನು ಎಲ್ಲರೂ ನೋಡುತ್ತಾರೆ. ಅದನ್ನು ಹೊತ್ತು ತಂದವರು ಯಾರು, ಎಳೆದದ್ದು ಯಾವುದು, ಅದಕ್ಕೆ ಮೇವು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಇಂದು ಜಗತ್ತಿನ ದೊಡ್ಡ ಸೇನೆಗಳೆಲ್ಲ ಬೆನ್ನುಹತ್ತಿರುವ ಲೇಸರ್ ಆಯುಧದ ಕಥೆಯನ್ನು ಈ ಕಡೆಯಿಂದ ನೋಡಿದರೆ ಅದರ ಅರುವತ್ತು ವರ್ಷಗಳ ಏಳುಬೀಳು ಸುಲಭವಾಗಿ ಅರ್ಥವಾಗುತ್ತದೆ. ಬೆಳಕಿಗೆ ತೂಕವಿಲ್ಲ. ಆದರೆ ಬೆಳಕಿನ ಆಯುಧದಷ್ಟು ಭಾರವಾದ ಆಯುಧ ಇನ್ನೊಂದಿಲ್ಲವೆಂಬಂತೆ ಅದು ತನ್ನ ಒಡೆಯರನ್ನು ಕಾಡಿದೆ. ಆ ಭಾರವನ್ನು ಎಳೆಯಬಲ್ಲ ‘ಎತ್ತಿ’ಗಾಗಿ ನಡೆದ ಹುಡುಕಾಟವೇ ಅದರ ಇತಿಹಾಸ. ಆ ಇತಿಹಾಸದ ಒಂದು ಅಧ್ಯಾಯ ನಮ್ಮ ಕರ್ನಾಟಕದಲ್ಲಿ, ಅದೂ ಸೇನೆಯ ಎತ್ತುಗಳಿಗಾಗಿ ಕಾದಿಟ್ಟ ಹುಲ್ಲುಗಾವಲಿನಲ್ಲಿ ನಡೆದಿದೆ.

ಫಿರಂಗಿ ಎಳೆದವರು

ಮೈಸೂರು ಅರಸರ ಕಾಲದಲ್ಲಿ ಅರಮನೆಗೆ ಹಾಲು-ಬೆಣ್ಣೆ ಒದಗಿಸುವುದಕ್ಕೆಂದು ದನಗಳ ದೊಡ್ಡ ಹಿಂಡುಗಳಿದ್ದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಹೈದರಾಲಿ ಇದನ್ನು ಸೇನೆಯ ಕೆಲಸಕ್ಕೆ ತಿರುಗಿಸಿದ. ಟಿಪ್ಪು ಇದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳಿಂದ ಬೆಳೆದುಬಂದ ತಳಿ ಅದು. ನಮ್ಮ ಕಡೆಯ ಕಿಲಾರಿಯನ್ನೂ ಪಶುತಜ್ಞರು ಈ ಬಳಗಕ್ಕೇ ಸೇರಿಸುತ್ತಾರೆ. ಮೈಯಲ್ಲಿ ಬೊಜ್ಜಿಲ್ಲ, ಕಾಲಲ್ಲಿ ಓಟ, ಮೇವು ಕಡಿಮೆಯಾದರೂ ಕುಸಿಯದ ಜಾತಿ. 1781ರಲ್ಲಿ ಚಿದಂಬರದ ರಕ್ಷಣೆಗೆ ಹೈದರನ ಸೇನೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಬ್ರಿಟಿಷರೇ ಬರೆದಿಟ್ಟಿದ್ದಾರೆ.

ಎತ್ತು ಇಲ್ಲದ ಫಿರಂಗಿಯ ಗತಿ ಏನಾಗುತ್ತದೆ ಎಂಬುದನ್ನು ಅದೇ ಬ್ರಿಟಿಷರು ಹತ್ತು ವರ್ಷಗಳ ನಂತರ ಕಂಡರು. 1791ರ ಮಾರ್ಚಿಯಲ್ಲಿ ಬೆಂಗಳೂರು ಕೋಟೆಯನ್ನು ಗೆದ್ದ ಲಾರ್ಡ್ ಕಾರ್ನವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದು ನಿಂತ. ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಅವನದೇ ಮೇಲುಗೈ. ಆದರೆ ಮೇವಿಲ್ಲದೆ, ರೋಗ ತಗಲಿ ಅವನ ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಒಡೆಯಲೆಂದು ಅಷ್ಟು ದೂರ ಎಳೆದು ತಂದ ದೊಡ್ಡ ಫಿರಂಗಿಗಳನ್ನು ಮುಂದಕ್ಕೂ ಒಯ್ಯಲಾಗದೆ, ಹಿಂದಕ್ಕೂ ತರಲಾಗದೆ, ಕೊನೆಗೆ ತನ್ನ ಕೈಯಾರೆ ನಾಶಮಾಡಿ ಕಾರ್ನವಾಲಿಸ್ ಬೆಂಗಳೂರಿನತ್ತ ತಿರುಗಿದ.

ಈ ಪ್ರಸಂಗಕ್ಕೆ ನಮ್ಮ ಭಾಗದ ನಂಟೂ ಒಂದಿದೆ. ಮುಂದೆ ಜಮಖಂಡಿ ಸಂಸ್ಥಾನವನ್ನು ಆಳಿದ ಪಟವರ್ಧನ ಮನೆತನದ ಪರಶುರಾಮ ಭಾವು ಆಗ ಮರಾಠಾ ಸೇನೆಯ ಮುಂದಾಳುಗಳಲ್ಲೊಬ್ಬ. ಧಾರವಾಡ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, 1791ರ ಏಪ್ರಿಲಿನಲ್ಲಿ ಅದನ್ನು ಪಡೆದು, ದಕ್ಷಿಣಕ್ಕೆ ಹೊರಟಿದ್ದ. ಮರಾಠರ ಸೇನೆ ಧಾನ್ಯ, ದನ, ಬಜಾರುಗಳ ಸಮೇತ ಬ್ರಿಟಿಷರನ್ನು ಕೂಡಿಕೊಂಡಿತು. ಆದರೆ ಅಷ್ಟರಲ್ಲಿ ಫಿರಂಗಿಗಳು ಮಣ್ಣುಪಾಲಾಗಿದ್ದವು. ಮರುವರ್ಷ, 1792ರಲ್ಲಿ, ಕಾರ್ನವಾಲಿಸ್ ಮತ್ತೆ ಬಂದು ಟಿಪ್ಪುವನ್ನು ಸಂಧಿಗೆ ಮಣಿಸಿದಾಗ ಅವನ ಹಿಂದೆ ಬಂಜಾರರ ಸಾವಿರಾರು ಹೇರೆತ್ತುಗಳಿದ್ದವು. ಫಿರಂಗಿಯ ಬಾಯಿ ಎರಡು ಸಲವೂ ಒಂದೇ. ಸೋಲು-ಗೆಲುವಿನ ಅಂತರ ನೊಗದಲ್ಲಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಮೃತ ಮಹಲ್ ಹಿಂಡುಗಳನ್ನು ಬ್ರಿಟಿಷರು ಕೈಬಿಡದೆ ಕಾಪಾಡಿಕೊಂಡದ್ದು ಇದೇ ಕಾರಣಕ್ಕೆ. ಹಿಂಡುಗಳು ಋತುವಿಗೆ ತಕ್ಕಂತೆ ಮೇಯುತ್ತ ಸಾಗಲು ಚಿತ್ರದುರ್ಗ, ಚಿಕ್ಕಮಗಳೂರು, ಹಾಸನ, ತುಮಕೂರು ಸೀಮೆಗಳಲ್ಲಿ ಲಕ್ಷಾಂತರ ಎಕರೆ ‘ಕಾವಲು’ಗಳಿದ್ದವು. ಕಾವಲು ಎಂದರೆ ಕಾಯ್ದಿಟ್ಟ ಹುಲ್ಲುಗಾವಲು. ಅಂಥ ಕಾವಲುಗಳ ಒಂದು ದೊಡ್ಡ ಹರಹು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿತ್ತು. ಆ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಲೇಸರಿನ ಕಥೆ ಜಗತ್ತನ್ನೆಲ್ಲ ಸುತ್ತಿ ಅಲ್ಲಿಗೇ ಬರುತ್ತದೆ.

‘ಸಾವಿನ ಕಿರಣ’ದ ಕನಸು

ಬೆಳಕಿನಿಂದ ಶತ್ರುವನ್ನು ಸುಡುವ ಆಸೆ ಹಳೆಯದು. ಗ್ರೀಕರ ಆರ್ಕಿಮಿಡೀಸ್ ಕನ್ನಡಿಗಳಿಂದ ಸೂರ್ಯನ ಬಿಸಿಲನ್ನು ಕೂಡಿಸಿ ರೋಮನರ ಹಡಗುಗಳನ್ನು ಸುಟ್ಟನೆಂಬ ದಂತಕಥೆ ಪ್ರಸಿದ್ಧವಾಗಿದೆ. 1898ರಲ್ಲಿ ಇಂಗ್ಲೆಂಡಿನ ಎಚ್. ಜಿ. ವೆಲ್ಸ್ ತನ್ನ ಕಾದಂಬರಿಯಲ್ಲಿ ಮಂಗಳ ಗ್ರಹದವರ ಕೈಗೆ ಬಿಸಿಕಿರಣವನ್ನು ಕೊಟ್ಟ. ಮೊದಲ ಮಹಾಯುದ್ಧದ ನಂತರವಂತೂ ‘ಸಾವಿನ ಕಿರಣ’ ಕಂಡುಹಿಡಿದಿದ್ದೇನೆ ಎನ್ನುವವರ ಸಾಲೇ ಇತ್ತು.

1935ರ ಆರಂಭದಲ್ಲಿ ಬ್ರಿಟಿಷ್ ವಾಯುಸೇನಾ ಸಚಿವಾಲಯ ಈ ಮಾತನ್ನು ಒರೆಗೆ ಹಚ್ಚಲು ರಾಬರ್ಟ್ ವಾಟ್ಸನ್-ವಾಟ್ ಎಂಬ ರೇಡಿಯೋ ತಜ್ಞನನ್ನು ಕೇಳಿತು. ರೇಡಿಯೋ ಕಿರಣದಿಂದ ಆಕಾಶದಲ್ಲಿರುವ ಪೈಲಟ್ಟನನ್ನು ನಿರ್ವೀರ್ಯಗೊಳಿಸಲು ಸಾಧ್ಯವೆ? ಅವನ ಸಹಾಯಕ ಆರ್ನಲ್ಡ್ ವಿಲ್ಕಿನ್ಸ್ ಕಾಗದದ ಮೇಲೆ ಲೆಕ್ಕ ಹಾಕಿದ. ಬೇಕಾಗುವ ಶಕ್ತಿಯನ್ನು ಅಂದಿನ ಯಾವ ಯಂತ್ರವೂ ಕೊಡಲಾರದೆಂದು ಗೊತ್ತಾಯಿತು. ಆದರೆ ವಿಮಾನಕ್ಕೆ ಬಡಿದು ಮರಳಿ ಬರುವ ಅಲೆಯಿಂದ ವಿಮಾನ ಎಲ್ಲಿದೆ ಎಂದು ಪತ್ತೆ ಮಾಡಬಹುದೆಂದು ಅವರಿಬ್ಬರೂ ತಿಳಿಸಿದರು. ಬ್ರಿಟನ್ನಿನ ರೇಡಾರ್ ಹುಟ್ಟಿದ್ದು ಹೀಗೆ. ಕೊಲ್ಲುವ ಕಿರಣ ಕೇಳಿದವರಿಗೆ ಕಾಣುವ ಕಿರಣ ದಕ್ಕಿತು.

ಲೇಸರಿನ ಬೀಜವಂತೂ ಅದಕ್ಕೂ ಮೊದಲೇ ಬಿದ್ದಿತ್ತು. 1917ರಲ್ಲಿ ಐನ್‌ಸ್ಟೀನ್ ಒಂದು ಸೂಕ್ಷ್ಮವನ್ನು ಗುರುತಿಸಿದ್ದರು. ಶಕ್ತಿ ತುಂಬಿಕೊಂಡ ಪರಮಾಣುವಿನ ಬಳಿ ತಕ್ಕ ಬೆಳಕಿನ ಕಣವೊಂದು ಹಾದುಹೋದರೆ, ಆ ಪರಮಾಣು ಅದೇ ದಿಕ್ಕಿಗೆ, ಅದೇ ಲಯದಲ್ಲಿ ಇನ್ನೊಂದು ಕಣವನ್ನು ಹೊರಬಿಡುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಎರಡು ಕನ್ನಡಿಗಳ ನಡುವೆ ಈ ಗುಣಾಕಾರವನ್ನು ನಡೆಸಿದರೆ ಹೊರಬರುವ ಬೆಳಕು ಜಾತ್ರೆಯ ಗುಂಪಿನಂತೆ ಚೆದುರದೆ, ಕವಾಯತಿನ ಸಾಲಿನಂತೆ ಒಂದೇ ಹೆಜ್ಜೆಯಲ್ಲಿ ಸಾಗುತ್ತದೆ. ಇದನ್ನು 1960ರ ಮೇ 16ರಂದು ಅಮೆರಿಕದ ಥಿಯೊಡೋರ್ ಮೈಮನ್ ಮಾಣಿಕ್ಯದ ಒಂದು ಪುಟ್ಟ ಕಡ್ಡಿಯಲ್ಲಿ ಮಾಡಿ ತೋರಿಸಿದ. ಪತ್ರಿಕೆಗಳು ಕೂಡಲೇ ‘ಸಾವಿನ ಕಿರಣ ಬಂತು’ ಎಂದು ಬರೆದವು. ಆ ಮೊದಲ ಲೇಸರ್ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿತ್ತು.

ಒಂದು ಕಪ್ಪು ಚಹದ ಶಾಖ

ಲೇಸರ್ ಆಯುಧ ಎಂದರೆ ಸಿನಿಮಾದಲ್ಲಿ ತೋರಿಸುವಂತೆ ತಾಗಿದ ಕೂಡಲೆ ಸ್ಫೋಟಿಸುವ ಮಿಂಚು ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಮಕ್ಕಳು ಭೂತಗನ್ನಡಿಯಿಂದ ಬಿಸಿಲನ್ನು ಕೂಡಿಸಿ ಕಾಗದ ಸುಡುವ ಆಟದ ದೊಡ್ಡಣ್ಣ. ಗಾಜನ್ನು ಕೈ ಅಲುಗದಂತೆ ಹಿಡಿಯಬೇಕು, ಬೆಳಕಿನ ಚುಕ್ಕೆ ಒಂದೇ ಕಡೆ ನಿಲ್ಲಬೇಕು, ಒಂದಿಷ್ಟು ಹೊತ್ತು ಕಾಯಬೇಕು. ಮೋಡ ಅಡ್ಡ ಬಂದರೆ ಆಟ ನಿಂತಿತು.

ಇಲ್ಲಿ ಬೇಕಾಗುವ ಶಕ್ತಿ ನಾವು ಊಹಿಸುವಷ್ಟು ದೊಡ್ಡದಲ್ಲ. 2017ರಲ್ಲಿ ಚಳ್ಳಕೆರೆಯಲ್ಲಿ ನಡೆದ ಪರೀಕ್ಷೆಯೊಂದರಲ್ಲಿ 1 ಕಿಲೊವಾಟ್ ಲೇಸರ್ 250 ಮೀಟರ್ ದೂರದ ಲೋಹದ ತಗಡನ್ನು ತೂತು ಮಾಡಲು 36 ಸೆಕೆಂಡು ತೆಗೆದುಕೊಂಡಿತೆಂದು ಪತ್ರಿಕೆಗಳು ವರದಿ ಮಾಡಿದವು. ಲೆಕ್ಕ ಹಾಕಿದರೆ ಆ ಕಿರಣ ಹೊತ್ತದ್ದು ಒಂದು ಯೂನಿಟ್ ವಿದ್ಯುತ್ತಿನ ನೂರನೇ ಒಂದು ಪಾಲು. ಒಂದು ಕಪ್ಪು ಚಹ ಕುದಿಸುವಷ್ಟು ಶಾಖ. ಅಷ್ಟೇ ಶಾಖ ಕಾಸಿನಗಲದ ಜಾಗದಲ್ಲಿ ಬಿದ್ದುದರಿಂದ ಲೋಹ ಕರಗಿತು.

ಹಾಗಿದ್ದರೆ ತೊಡಕು ಎಲ್ಲಿದೆ? ಹಾರುವ ಡ್ರೋನು, ಬರುವ ಕ್ಷಿಪಣಿ 36 ಸೆಕೆಂಡು ಸುಮ್ಮನೆ ನಿಲ್ಲುವುದಿಲ್ಲ. ಸುಡುವ ಅವಧಿಯನ್ನು ಮೂರು-ನಾಲ್ಕು ಸೆಕೆಂಡಿಗೆ ಇಳಿಸಬೇಕಾದರೆ ಕಿರಣದ ಬಲ ಹತ್ತಾರು ಪಟ್ಟು ಹೆಚ್ಚಬೇಕು. ದೂರ ಹೆಚ್ಚಿದಂತೆ ಚುಕ್ಕೆ ಅಗಲವಾಗುತ್ತದೆ. ಅದನ್ನು ಬಿಗಿಯಾಗಿಡಲು ದೊಡ್ಡ ಕನ್ನಡಿ ಬೇಕು. ದಾರಿಯಲ್ಲಿ ಧೂಳು, ಮಂಜು, ಮಳೆ ಬೆಳಕನ್ನು ನುಂಗುತ್ತವೆ. ಕಿರಣವೇ ಗಾಳಿಯನ್ನು ಕಾಯಿಸಿ ತನ್ನ ದಾರಿಯನ್ನು ತಾನೇ ಕದಡಿಕೊಳ್ಳುತ್ತದೆ. ಇವೆಲ್ಲಕ್ಕಿಂತ ದೊಡ್ಡ ತಾಪತ್ರಯವೆಂದರೆ ಲೇಸರಿಗೆ ಊಡಿಸಿದ ಶಕ್ತಿಯಲ್ಲಿ ಹೆಚ್ಚಿನ ಪಾಲು ಬೆಳಕಾಗದೆ ಯಂತ್ರದೊಳಗೇ ಬಿಸಿಯಾಗಿ ಉಳಿಯುವುದು. ಶತ್ರುವನ್ನು ಸುಡುವ ಮೊದಲು ಆಯುಧವೇ ಸುಟ್ಟುಹೋಗದಂತೆ ತಂಪು ಮಾಡುತ್ತಿರಬೇಕು. ಮೈಮನ್ನನ ಅಂಗೈಯ ಲೇಸರು ಯುದ್ಧಭೂಮಿಗೆ ಹೊರಟಾಗ ಲಾರಿ, ಹಡಗು, ವಿಮಾನಗಳನ್ನು ಕೇಳಿದ್ದು ಈ ಕಾರಣಗಳಿಂದ.

ವಿಮಾನವೇ ಚಕ್ಕಡಿಯಾದಾಗ

ಲೇಸರಿಗೆ ನಿಜವಾದ ಬಲ ತಂದವರಲ್ಲಿ ಒಬ್ಬರು ನಮ್ಮ ನೆರೆಯವರು. ಮಹಾರಾಷ್ಟ್ರದ ಬಾರಾಮತಿಯಲ್ಲಿ 1938ರಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋದ ಸಿ. ಕುಮಾರ್ ಪಟೇಲ್ 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲದ ಲೇಸರನ್ನು ನಿರ್ಮಿಸಿದರು. ಇಂದು ಕಾರ್ಖಾನೆಯಲ್ಲಿ ಉಕ್ಕು ಕತ್ತರಿಸುವುದರಿಂದ ಹಿಡಿದು ಶಸ್ತ್ರಚಿಕಿತ್ಸೆಯವರೆಗೆ ಅದರ ಬಳಕೆ ಇದೆ. ಸೇನೆಯವರೂ ಅದರ ಬೆನ್ನು ಹತ್ತಿದರು. ಬಿಸಿ ಅನಿಲವನ್ನು ರಾಕೆಟ್ಟಿನ ಬಾಯಿಂದ ಬಂದಂತೆ ರಭಸದಿಂದ ಹರಿಯಬಿಟ್ಟು ಲೇಸರ್ ಪಡೆಯುವ ವಿಧಾನ 1960ರ ದಶಕದಲ್ಲೇ ಬಂತು. ಅಮೆರಿಕದ ವಾಯುಸೇನೆ ಅಂಥದೊಂದನ್ನು ದೊಡ್ಡ ವಿಮಾನದಲ್ಲಿ ಕೂರಿಸಿ 1983ರಲ್ಲಿ ಐದು ಸೈಡ್‌ವೈಂಡರ್ ಕ್ಷಿಪಣಿಗಳನ್ನು ಆಕಾಶದಲ್ಲೇ ಕೆಡಿಸಿತು.

ಅದೇ ವರ್ಷ ಮಾರ್ಚ್ 23ರಂದು ಅಧ್ಯಕ್ಷ ರೇಗನ್ ಸೋವಿಯತ್ ಕ್ಷಿಪಣಿಗಳನ್ನು ದಾರಿಯಲ್ಲೇ ತಡೆಯುವ ಯೋಜನೆಯನ್ನು ಘೋಷಿಸಿದರು. ಜನ ಅದನ್ನು ‘ಸ್ಟಾರ್ ವಾರ್ಸ್’ ಎಂದು ಕರೆದರು. ಅಂತರಿಕ್ಷದಲ್ಲಿ ಲೇಸರುಗಳನ್ನು ತೇಲಿಬಿಡುವ ಮಾತು ಕೇಳಿಬಂತು. 1987ರಲ್ಲಿ ಅಮೆರಿಕದ ಭೌತವಿಜ್ಞಾನಿಗಳ ಸಂಘ ಈ ಆಯುಧಗಳ ಮೇಲೆ ಒಂದು ಅಧ್ಯಯನ ವರದಿಯನ್ನು ಹೊರತಂದಿತು. ಅದರ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರು ಇದೇ ಕುಮಾರ್ ಪಟೇಲ್. ಇಂಥ ಆಯುಧ ಆದೀತೇ ಇಲ್ಲವೇ ಎಂದು ಹೇಳುವುದಕ್ಕೇ ಹತ್ತು ವರ್ಷ ಅಥವಾ ಇನ್ನೂ ಹೆಚ್ಚಿನ ಸಂಶೋಧನೆ ಬೇಕೆಂದು ಆ ವರದಿ ತಣ್ಣಗೆ ತಿಳಿಸಿತು. ಲೇಸರನ್ನು ಬಲಪಡಿಸಿದವರೇ ಅದರ ಮಿತಿಯನ್ನೂ ಹೇಳಿದರು.

ಆ ಕಡೆ ಸೋವಿಯತ್ ದೇಶದ ಸಾರಿ ಶಗಾನ್‌ನಲ್ಲಿ ಉಪಗ್ರಹಗಳನ್ನೇ ಹೊಡೆಯುವ ಲೇಸರ್ ಇದೆಯೆಂದು ಅಮೆರಿಕ ವರ್ಷಗಟ್ಟಲೆ ಹೇಳುತ್ತಿತ್ತು. 1989ರಲ್ಲಿ ಅಮೆರಿಕದ ತಂಡವೇ ಅಲ್ಲಿಗೆ ಹೋಗಿ ನೋಡಿದಾಗ ಅದರ ಬಲ ಅಂಥ ಕೆಲಸಕ್ಕೆ ಏನೇನೂ ಸಾಲದೆಂದು ಕಂಡುಬಂತು.

ಈ ದಾರಿಯ ಕೊನೆಯ ದೊಡ್ಡ ಪ್ರಯತ್ನ ಬೋಯಿಂಗ್ 747 ವಿಮಾನ. ಹೈಡ್ರೋಜನ್ ಪೆರಾಕ್ಸೈಡ್, ಕ್ಲೋರಿನ್, ಅಯೋಡಿನ್‌ಗಳ ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ಲೇಸರನ್ನು ಹೊರಲು ಜಗತ್ತಿನ ಅತಿ ದೊಡ್ಡ ವಿಮಾನಗಳಲ್ಲೊಂದೇ ಬೇಕಾಯಿತು. 2010ರ ಫೆಬ್ರುವರಿಯಲ್ಲಿ ಅದು ಹಾರುತ್ತಿದ್ದ ಕ್ಷಿಪಣಿಯನ್ನು ಹೊಡೆದು ತೋರಿಸಿತು. 2011ರ ಕೊನೆಗೆ ಯೋಜನೆಯನ್ನೇ ಮುಚ್ಚಲಾಯಿತು. ಅದರ ಕಿರಣ ಮುಟ್ಟುವ ದೂರ ಸಾಲದು. ಕ್ಷಿಪಣಿ ಹಾರಿದ ಕೂಡಲೆ ಹೊಡೆಯಬೇಕಾದರೆ ವಿಮಾನ ಶತ್ರುವಿನ ಆಕಾಶದಲ್ಲೇ ಸುತ್ತುತ್ತಿರಬೇಕು. ತೊಟ್ಟಿಯ ರಾಸಾಯನಿಕ ಮುಗಿದರೆ ಮರಳಿ ನೆಲಕ್ಕಿಳಿದು ತುಂಬಿಕೊಳ್ಳಬೇಕು. ಕಿರಣ ಗುರಿ ಮುಟ್ಟಿತ್ತು, ಗಾಡಿ ಸೋತಿತ್ತು. ಕಾರ್ನವಾಲಿಸನ ಫಿರಂಗಿಗಳ ಕಥೆಯೂ ಇದೇ ಅಲ್ಲವೆ?

ಮಗ್ಗದ ಲೆಕ್ಕ

ಪರಿಹಾರ ಬಂದದ್ದು ಯುದ್ಧದ ಪ್ರಯೋಗಾಲಯಕ್ಕಿಂತ ಹೆಚ್ಚಾಗಿ ಕಾರ್ಖಾನೆಯಿಂದ. ಟೆಲಿಫೋನ್ ಮಾತುಗಳನ್ನು ಸಾಗಿಸಲು ಬೆಳೆದುಬಂದ ಗಾಜಿನ ಎಳೆಯನ್ನೇ ಲೇಸರ್ ಮಾಡಿಕೊಳ್ಳುವ ವಿದ್ಯೆ ಕೈಗೂಡಿತು. ಕೂದಲಿನಷ್ಟು ಸಣ್ಣ ಎಳೆಗೆ ಅಪರೂಪದ ಲೋಹದ ಅಂಶ ಬೆರೆಸಿ, ವಿದ್ಯುತ್ತಿನಿಂದ ಬೆಳಗುವ ದೀಪಗಳ ಬೆಳಕನ್ನು ಊಡಿಸಿದರೆ ಬಲವಾದ ಕಿರಣ ಹೊರಡುತ್ತದೆ. ವಿಷಾನಿಲವಿಲ್ಲ, ತೊಟ್ಟಿ ಬೇಡ, ಕರೆಂಟು ಇದ್ದರೆ ಸಾಕು. ಕಾರು ಕಾರ್ಖಾನೆಗಳು ಇದನ್ನು ಬೆಸುಗೆಗೆ ಬಳಸಿದವು. ಅಮೆರಿಕದ ನೌಕಾಪಡೆ ಬೆಸುಗೆ ಹಾಕುವ ಇಂಥ ಆರು ಲೇಸರುಗಳನ್ನೇ ಒಟ್ಟುಗೂಡಿಸಿ, 30 ಕಿಲೊವಾಟ್ ಆಯುಧ ಮಾಡಿ, 2014ರಲ್ಲಿ ‘ಪಾನ್ಸ್’ ಎಂಬ ಹಡಗಿನ ಮೇಲೆ ಪರ್ಶಿಯನ್ ಕೊಲ್ಲಿಗೆ ಕಳಿಸಿತು. ಹಡಗಿಗೆ ತೂಕದ ಚಿಂತೆಯಿಲ್ಲ, ವಿದ್ಯುತ್ತು ತನ್ನಲ್ಲೇ ಉತ್ಪಾದನೆಯಾಗುತ್ತದೆ, ತಂಪು ಮಾಡಲು ಸುತ್ತಲೂ ಸಮುದ್ರದ ನೀರು. ಲೇಸರಿಗೆ ಕೊನೆಗೂ ತಕ್ಕ ಎತ್ತು ಸಿಕ್ಕಿತ್ತು.

30 ಕಿಲೊವಾಟ್ ಎಂದರೆ ಎಷ್ಟು? ರಬಕವಿ-ಬನಹಟ್ಟಿಯ ನೇಕಾರರ ಲೆಕ್ಕದಲ್ಲಿ ನೋಡೋಣ. ಗಾಜಿನೆಳೆಯ ಲೇಸರು ತಾನು ಪಡೆದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲನ್ನಷ್ಟೇ ಬೆಳಕು ಮಾಡುತ್ತದೆ. ಹಾಗಾಗಿ 30 ಕಿಲೊವಾಟ್ ಕಿರಣಕ್ಕೆ ಸುಮಾರು 100 ಕಿಲೊವಾಟ್ ವಿದ್ಯುತ್ ಬೇಕು. ಒಂದು ಅಶ್ವಶಕ್ತಿಯ ಮೋಟಾರಿನ ಮಗ್ಗಗಳಾದರೆ 130ಕ್ಕೂ ಹೆಚ್ಚು ಮಗ್ಗಗಳನ್ನು ಒಟ್ಟಿಗೆ ಓಡಿಸುವ ವಿದ್ಯುತ್ತು ಅದು. ಘಟಪ್ರಭೆಯ ದಂಡೆಯ 10 ಅಶ್ವಶಕ್ತಿಯ ಪಂಪ್‌ಸೆಟ್ಟುಗಳಾದರೆ 13. ಒಂದು ಲಾರಿಯ ಮೇಲೆ ಅಷ್ಟು ವಿದ್ಯುತ್ತು ಹುಟ್ಟಬೇಕು. ಬೆಳಕಾಗದೆ ಉಳಿದ ಮೂರನೇ ಎರಡು ಪಾಲು ಬಿಸಿ ಅದೇ ಲಾರಿಯಿಂದ ಹೊರಹೋಗಬೇಕು. ಇಂದಿಗೂ ನಾವು ಮೋಟಾರಿನ ಬಲವನ್ನು ‘ಅಶ್ವಶಕ್ತಿ’ಯಲ್ಲೇ ಅಳೆಯುತ್ತೇವೆ. ಗಾಡಿಗೆ ಹೂಡಿದ ಪ್ರಾಣಿಯ ನೆನಪು ನಮ್ಮ ಮಾತಿನಲ್ಲೇ ಉಳಿದಿದೆ.

ಚಳ್ಳಕೆರೆಯಿಂದ ಕರ್ನೂಲಿಗೆ

ಭಾರತಕ್ಕೆ ಲೇಸರ್ ಹೊಸದಲ್ಲ. ಮುಂಬಯಿಯ ಅಣುಶಕ್ತಿ ಕೇಂದ್ರದಲ್ಲಿ 1964ರಲ್ಲೇ ಅರೆವಾಹಕ ಲೇಸರ್ ಸಿದ್ಧವಾಗಿತ್ತು. ಅದೇ ಕೇಂದ್ರದ ‘ಕಾಳಿ’ ಎಂಬ ಯಂತ್ರದ ಬಗ್ಗೆ ಅನೇಕ ವರ್ಷಗಳಿಂದ ದಂತಕಥೆಗಳು ಹರಿದಾಡುತ್ತಿವೆ. ಕ್ಷಿಪಣಿಗಳನ್ನು ಸುಡುವ ರಹಸ್ಯ ಲೇಸರ್ ಅದೆಂದು ನಂಬಿದವರಿದ್ದಾರೆ. ‘ಕಾಳಿ’ ಲೇಸರೇ ಅಲ್ಲ. ಎಲೆಕ್ಟ್ರಾನುಗಳನ್ನು ವೇಗಗೊಳಿಸುವ ಯಂತ್ರ. ಲೇಸರ್ ಆಯುಧದ ಕೆಲಸ ನಡೆದದ್ದು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಪ್ರಯೋಗಾಲಯಗಳಲ್ಲಿ. ಮೊದಲು ದೆಹಲಿಯ ಲೇಸರ್ ವಿಜ್ಞಾನ ಕೇಂದ್ರದಲ್ಲಿ, ನಂತರ ಹೈದರಾಬಾದಿನ ಅಧಿಕ ಶಕ್ತಿ ವ್ಯವಸ್ಥೆಗಳ ಕೇಂದ್ರದಲ್ಲಿ.

ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಈ ಸಂಸ್ಥೆಗೆ 4,290 ಎಕರೆಯ ವೈಮಾನಿಕ ಪರೀಕ್ಷಾ ಕೇಂದ್ರ ಸಿದ್ಧವಾಗಿ, 2017ರ ಮೇ 28ರಂದು ಉದ್ಘಾಟನೆಯಾಯಿತು. ಇದನ್ನು ನೋಡಿಕೊಳ್ಳುವುದು ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ. ಪೈಲಟ್ ರಹಿತ ವಿಮಾನಗಳ ಪರೀಕ್ಷೆಗೆಂದು ಕಟ್ಟಿದ ಈ ಬಯಲಿನಲ್ಲೇ ಅದೇ ವರ್ಷ ಆಗಸ್ಟಿನಲ್ಲಿ ಲಾರಿಯ ಮೇಲೆ ಕೂರಿಸಿದ 1 ಕಿಲೊವಾಟ್ ಲೇಸರಿನ ಪರೀಕ್ಷೆ ನಡೆಯಿತು. ಮೇಲೆ ಹೇಳಿದ 36 ಸೆಕೆಂಡುಗಳ ತೂತು ಅದೇ.

ಮುಂದಿನ ಹೆಜ್ಜೆಗಳು ಬೇಗ ಬೇಗ ಬಿದ್ದವು. 2021ರ ಆಗಸ್ಟ್ 31ರಂದು ನೌಕಾಪಡೆ ಡ್ರೋನ್ ತಡೆಯುವ ವ್ಯವಸ್ಥೆಗಾಗಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಡ್ರೋನನ್ನು ಹುಡುಕುವ ರೇಡಾರು, ಅದರ ಸಂಪರ್ಕ ಕಡಿಯುವ ಸಾಧನ, ಕೊನೆಗೆ ಸುಡುವ ಲೇಸರು ಮೂರೂ ಅದರಲ್ಲಿದ್ದವು. 2025ರ ಏಪ್ರಿಲ್ 13ರಂದು ಆಂಧ್ರದ ಕರ್ನೂಲಿನ ಬಯಲಿನಲ್ಲಿ 30 ಕಿಲೊವಾಟ್ ಲೇಸರು ರೆಕ್ಕೆಯುಳ್ಳ ಡ್ರೋನನ್ನೂ ಡ್ರೋನುಗಳ ಹಿಂಡನ್ನೂ ಹೊಡೆಯಿತು. ಹೈದರಾಬಾದಿನ ಕೇಂದ್ರದ ಜೊತೆ ಇದರಲ್ಲಿ ದುಡಿದ ಸಂಸ್ಥೆಗಳಲ್ಲಿ ಬೆಂಗಳೂರಿನ ರೇಡಾರ್ ಪ್ರಯೋಗಾಲಯವೂ ಒಂದು. ಸಾವಿನ ಕಿರಣವನ್ನು ಹುಡುಕಿ ಹೊರಟವರಿಗೆ 1935ರಲ್ಲಿ ಸಿಕ್ಕ ರೇಡಾರೇ ಈಗ ಆ ಕಿರಣಕ್ಕೆ ಕಣ್ಣಾಗಿದೆ. ಅದೇ ವರ್ಷ ಆಗಸ್ಟ್ 23ರಂದು ಒಡಿಶಾ ಕರಾವಳಿಯಲ್ಲಿ ಕ್ಷಿಪಣಿಗಳೊಂದಿಗೆ ಲೇಸರನ್ನೂ ಜೋಡಿಸಿದ ವಾಯುರಕ್ಷಣಾ ವ್ಯವಸ್ಥೆಯ ಮೊದಲ ಪರೀಕ್ಷೆ ನಡೆಯಿತು. ಎಂಟು ವರ್ಷಗಳಲ್ಲಿ 1 ಕಿಲೊವಾಟಿನಿಂದ 30 ಕಿಲೊವಾಟಿಗೆ ಬಂದ ಪಯಣ ಇದು.

ಈಗ ಈ ಅವಸರವೇಕೆ?

ಇದಕ್ಕೆ ಉತ್ತರ ಡ್ರೋನು. 2025ರ ಮೇ ತಿಂಗಳ ಸಂಘರ್ಷದಲ್ಲಿ ಒಂದೇ ರಾತ್ರಿ 36 ಕಡೆಗಳಲ್ಲಿ 300ರಿಂದ 400 ಡ್ರೋನುಗಳನ್ನು ಪಾಕಿಸ್ತಾನ ಕಳಿಸಿತೆಂದು ಸರ್ಕಾರ ತಿಳಿಸಿತು. ಅಗ್ಗದ ಡ್ರೋನಿಗೆ ಕೋಟಿಗಟ್ಟಲೆ ಬೆಲೆಯ ಕ್ಷಿಪಣಿಯನ್ನು ಹಾರಿಸಿದರೆ ಹೊಡೆದವನೇ ಬಡವನಾಗುತ್ತಾನೆ. ಲೇಸರನ್ನು ಕೆಲವು ಸೆಕೆಂಡು ಹಾರಿಸುವ ಖರ್ಚು ಎರಡು ಲೀಟರ್ ಪೆಟ್ರೋಲಿನಷ್ಟು ಎಂದು ಕರ್ನೂಲಿನ ಪರೀಕ್ಷೆಯ ನಂತರ ರಕ್ಷಣಾ ಇಲಾಖೆ ಹೇಳಿತು. ಬ್ರಿಟನ್ ತನ್ನ ‘ಡ್ರ್ಯಾಗನ್‌ಫೈರ್’ ಲೇಸರಿನ ಒಂದು ಹೊಡೆತಕ್ಕೆ 10 ಪೌಂಡಿಗಿಂತ ಕಡಿಮೆ ಎಂದು 2024ರಲ್ಲಿ ಲೆಕ್ಕ ಕೊಟ್ಟಿತು. ಇಸ್ರೇಲ್ 2024ರಲ್ಲೇ ಯುದ್ಧದಲ್ಲಿ ಲೇಸರಿನಿಂದ ಡ್ರೋನುಗಳನ್ನು ಬೀಳಿಸಿದ್ದಾಗಿ ನಂತರ ಪ್ರಕಟಿಸಿತು.

ಈ ಲೆಕ್ಕವನ್ನು ಓದುವಾಗ ಎಚ್ಚರ ಬೇಕು. ಎರಡು ಲೀಟರ್ ಪೆಟ್ರೋಲು ಮೇವಿನ ಖರ್ಚು, ಎತ್ತಿನ ಬೆಲೆಯಲ್ಲ. ಕನ್ನಡಿ, ರೇಡಾರು, ಜನರೇಟರು, ತಂಪು ಮಾಡುವ ಯಂತ್ರ, ಇವನ್ನು ಹೊರುವ ಲಾರಿ, ನಡೆಸುವ ಜನ, ಎಲ್ಲವೂ ಸೇರಿದಾಗ ಆಯುಧ ಅಗ್ಗವಲ್ಲ. ಲೇಸರು ಒಮ್ಮೆಗೆ ಒಂದೇ ಗುರಿಯನ್ನು ಸುಡಬಲ್ಲದು. ಗುಡ್ಡದ ಮರೆಯಲ್ಲಿರುವುದನ್ನು ಮುಟ್ಟಲಾರದು. ಮುಂಗಾರಿನ ಮೋಡ ಕವಿದ ದಿನ ಅದರ ಬಲ ಕುಗ್ಗುತ್ತದೆ. 2025ರ ಮೇ ತಿಂಗಳ ಆ ರಾತ್ರಿಗಳಲ್ಲಿ ಡ್ರೋನುಗಳನ್ನು ಎದುರಿಸಿದ ಆಯುಧಗಳಲ್ಲಿ ದಶಕಗಳಷ್ಟು ಹಳೆಯ, ನವೀಕರಿಸಿದ ಎಲ್-70 ಫಿರಂಗಿಗಳೂ ಇದ್ದವು. ಹೊಸದು ಬಂದಿತೆಂದು ಹಳೆಯದು ಕೂಡಲೇ ಮೂಲೆ ಸೇರುವುದಿಲ್ಲ.

ಇನ್ನೊಂದು ಗೆರೆಯನ್ನು ಜಗತ್ತು ಆಯುಧ ಬರುವ ಮೊದಲೇ ಎಳೆದಿದೆ. ಲೋಹವನ್ನು ಕರಗಿಸಲು ದೊಡ್ಡ ಲೇಸರ್ ಬೇಕು. ಮನುಷ್ಯನ ಕಣ್ಣನ್ನು ಕೆಡಿಸಲು ತೀರ ಚಿಕ್ಕದು ಸಾಕು. ಸೈನಿಕರನ್ನು ಶಾಶ್ವತವಾಗಿ ಕುರುಡರನ್ನಾಗಿಸಲೆಂದೇ ಮಾಡಿದ ಲೇಸರುಗಳನ್ನು 1995ರ ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿ ನಿಷೇಧಿಸಲಾಯಿತು. 1998ರಲ್ಲಿ ಜಾರಿಗೆ ಬಂದ ಈ ಒಪ್ಪಂದಕ್ಕೆ ಭಾರತವೂ ಬದ್ಧವಾಗಿದೆ. ರಣರಂಗದಲ್ಲಿ ವ್ಯಾಪಕವಾಗಿ ಬಳಕೆಯಾಗುವ ಮೊದಲೇ ನಿಷೇಧಕ್ಕೊಳಗಾದ ಆಯುಧಗಳು ಇತಿಹಾಸದಲ್ಲಿ ಬಹಳಿಲ್ಲ. ಡ್ರೋನುಗಳನ್ನು ಸುಡುವ ಈಗಿನ ಲೇಸರುಗಳು ಈ ನಿಷೇಧದೊಳಗೆ ಬರುವುದಿಲ್ಲ. ಆದರೆ ಅವುಗಳ ಬಲ ಬೆಳೆದಂತೆ ಆ ಗೆರೆಯನ್ನು ಕಾಯುವ ಹೊಣೆಯೂ ಬೆಳೆಯುತ್ತದೆ.

ಕಾವಲಿನ ಪಾಲು

ಈಗ ಚಳ್ಳಕೆರೆಯ ಹುಲ್ಲುಗಾವಲಿಗೆ ಬರೋಣ. ಫಿರಂಗಿ ಎಳೆಯುವ ಎತ್ತುಗಳ ಅಗತ್ಯ ಕಡಿಮೆಯಾದಂತೆ ಅಮೃತ ಮಹಲಿನ ಭಾಗ್ಯವೂ ಇಳಿಯಿತು. ಖರ್ಚು ಉಳಿಸಲೆಂದು 1860ರಲ್ಲಿ ಬ್ರಿಟಿಷರು ಹಿಂಡುಗಳನ್ನು ಮಾರಿದರು. ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಿದರು. 1882ರಲ್ಲಿ ಮೈಸೂರು ಸರ್ಕಾರಕ್ಕೆ ಒಪ್ಪಿಸಿದರು. ಇಂದು ಅಜ್ಜಂಪುರದ ತಳಿ ಕೇಂದ್ರ ಆ ಹೆಸರನ್ನು ಉಳಿಸಿಕೊಂಡಿದೆ. ಕಾವಲುಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕರಗಿದವು.

ಸರ್ಕಾರಿ ಹಿಂಡುಗಳು ಕಡಿಮೆಯಾದರೂ ಕಾವಲು ಖಾಲಿ ಬಿದ್ದಿರಲಿಲ್ಲ. ಸುತ್ತಲಿನ ಹಳ್ಳಿಗಳ ದನ, ಕುರಿ ಅಲ್ಲೇ ಮೇಯುತ್ತಿದ್ದವು. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಬರುವುದು ಇಂಥ ಕುರಿಗಳಿಂದ. 2010ರ ಆಸುಪಾಸಿನಲ್ಲಿ ಈ ಬಯಲನ್ನು ದೊಡ್ಡ ಸಂಸ್ಥೆಗಳಿಗೆ ಹಂಚಲಾಯಿತು. ರಕ್ಷಣಾ ಸಂಶೋಧನೆಗೆ 4,290 ಎಕರೆ, ಭಾಭಾ ಅಣುಶಕ್ತಿ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಬಾಹ್ಯಾಕಾಶ ಸಂಸ್ಥೆಗೆ 573. ಗೋಡೆಗಳು ಎದ್ದಾಗ ದೊಡ್ಡ ಉಳ್ಳಾರ್ತಿಯಂಥ ಊರುಗಳ ಜನ ಬೀದಿಗಿಳಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. ಗೋಡೆಗಳು ಉಳಿದವು.

ದೇಶಕ್ಕೆ ರಕ್ಷಣೆ ಬೇಡವೆಂದು ಆ ಕುರಿಗಾಹಿಗಳು ಹೇಳಲಿಲ್ಲ. ಅವರು ಕೇಳಿದ್ದು ತಮ್ಮ ಮೇವಿನ ಪಾಲನ್ನು. ಅಂದಿನ ಅರಸರಿಗೆ ಒಂದು ಮಾತು ಚೆನ್ನಾಗಿ ಗೊತ್ತಿತ್ತು: ಫಿರಂಗಿ ಬೇಕೆಂದರೆ ಮೊದಲು ಹುಲ್ಲನ್ನು ಕಾಯಬೇಕು. ಅದಕ್ಕಾಗಿಯೇ ಅವರು ಕಾವಲು ಬಿಟ್ಟರು, ಕಾಯುವವರಿಗೆ ಬದುಕು ಕೊಟ್ಟರು. ಇಂದಿನ ಆಯುಧ ಹುಲ್ಲು ತಿನ್ನುವುದಿಲ್ಲ, ಹಾಗಾಗಿ ಹುಲ್ಲು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅದಕ್ಕೂ ಬಯಲು ಬೇಕು, ವಿದ್ಯುತ್ತು ಬೇಕು, ನೀರು ಬೇಕು, ಹಣ ಬೇಕು. ಇವು ಯಾರದೋ ಹೊಲದಿಂದ, ಯಾರದೋ ಮಗ್ಗದಿಂದ, ಯಾರದೋ ಕಾವಲಿನಿಂದ ಬರುತ್ತವೆ.

ಗಡಿಯ ಊರಿನ ಮೇಲೆ ಡ್ರೋನು ಬಂದ ರಾತ್ರಿ ಅದನ್ನು ಸದ್ದಿಲ್ಲದೆ ಸುಟ್ಟುಹಾಕುವ ಕಿರಣವೊಂದು ನಮ್ಮಲ್ಲಿದ್ದರೆ ಅದು ಸಮಾಧಾನದ ಮಾತೇ. ಆ ಕಿರಣದ ಬೆಲೆಯನ್ನು ಬರೆಯುವಾಗ ಎರಡು ಲೀಟರ್ ಪೆಟ್ರೋಲಿನ ಕೆಳಗೆ ಇನ್ನೊಂದು ಸಾಲು ಸೇರಬೇಕು. ಅದು ವರವು ಕಾವಲಿನ ಹುಲ್ಲಿನ ಸಾಲು. ಅದರ ಬಾಕಿ ಇನ್ನೂ ತೀರಿಲ್ಲ.